ಪೀರ್ ರಿವ್ಯೂ ಬಗ್ಗೆಯೇ ಥೀಸಿಸ್ ಮಾಡಬಹುದಾ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಹೇಳಿ

ಶಿರಾ_ಗೇಟ್

ಕಮ್ಯುನಿಟಿ ಮೆಡಿಸಿನ್ ಎಂ.ಡಿ. ಸಿನಾಪ್ಸಿಸ್ (ಥೀಸಿಸ್ ಯೋಜನೆ) ಕೊಡುವ ಸಮಯ. ರಕ್ತಹೀನತೆ, ಬಿ.ಪಿ., ಫ್ಲೋರೋಸಿಸ್ ಸರ್ವೆಗಳನ್ನು ಬಿಟ್ಟು, ವೈದ್ಯಕೀಯ ಪೇಪರ್‌ಗಳು ಅಚ್ಚಾಗುವ ಪದ್ಧತಿಯನ್ನೇ, ಅಂದರೆ ಅಚ್ಚಿಗೆ ಮುಂಚೆ ಅದೇ ವಿಷಯದ ಬೇರೆ ತಜ್ಞರು ಪೇಪರ್ ಪರಿಶೀಲಿಸುವ ಪೀರ್ ರಿವ್ಯೂವನ್ನೇ, ಅಧ್ಯಯನ ಮಾಡುವ ಯೋಚನೆ ಇದೆ. ಎರಡು ದಾರಿ ಕಾಣುತ್ತಿವೆ.

ಅ) ಬೇಕಂತಲೇ ತಪ್ಪು ತುಂಬಿದ ಒಂದು ಪೇಪರನ್ನು ಮೂರೂ ಜಿಲ್ಲೆಗಳ ಮೆಡಿಕಲ್ ಕಾಲೇಜು ಅಧ್ಯಾಪಕರಿಗೆ ರಿವ್ಯೂಗೆ ಕೊಟ್ಟು, ಎಷ್ಟು ತಪ್ಪು ಹಿಡಿಯುತ್ತಾರೆ ಎಂದು ನೋಡುವುದು.

ಆ) ಈ ಜಿಲ್ಲೆಗಳಿಂದ ಸಿಟಿಆರ್‌ಐನಲ್ಲಿ (ಭಾರತದ ಟ್ರಯಲ್ ನೋಂದಣಿ ತಾಣ) ನೋಂದಣಿಯಾದ ಟ್ರಯಲ್‌ಗಳನ್ನು, ಅಂದರೆ ಚಿಕಿತ್ಸೆಯ ಪ್ರಯೋಗಗಳನ್ನು, ಅವುಗಳಿಂದ ಬಂದ ಪೇಪರ್‌ಗಳ ಜೊತೆ ಹೋಲಿಸುವುದು. ಮೊದಲು ಏನು ಅಳೆಯುತ್ತೇವೆ ಅಂದಿದ್ದರು, ಕೊನೆಗೆ ಏನು ಅಚ್ಚಾಯಿತು?

ಯಾವುದು ಆಗುವ ಕೆಲಸ? ಸ್ಯಾಂಪಲ್ ಸೈಜ್ ಎಷ್ಟು? ಎಥಿಕ್ಸ್ ಕಮಿಟಿ ಬೇಕಾ?

ರಿವ್ಯೂವರ್_ನಂ2

‘ಅ’ ಕೈಬಿಡಿ. ಅದನ್ನು ನಿಮಗಿಂತ ದೊಡ್ಡ ಪಟ್ಟಿ ಕೈಲಿದ್ದವರು ಮಾಡಿ ಮುಗಿಸಿದ್ದಾರೆ. 1998ರಲ್ಲಿ ಫಿಯೋನಾ ಗಾಡ್ಲೀ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯಕೀಯ ಜರ್ನಲ್ ಬಿಎಂಜೆ ಒಪ್ಪಿಕೊಂಡಿದ್ದ ಪೇಪರ್ ಒಂದರಲ್ಲಿ 8 ದೋಷ ಸೇರಿಸಿ 420 ರಿವ್ಯೂವರ್‌ಗಳಿಗೆ ಕಳಿಸಿದರು. ಉತ್ತರ ಬಂದದ್ದು 221 ಜನರಿಂದ. ಸರಾಸರಿ ಸಿಕ್ಕಿದ್ದು 2 ದೋಷ. 16% ಜನಕ್ಕೆ ಒಂದೂ ಸಿಗಲಿಲ್ಲ. ಲೇಖಕರ ಹೆಸರು ಮರೆಮಾಡಿದರೂ ಫಲಿತಾಂಶ ಬದಲಾಗಲಿಲ್ಲ. ಆಮೇಲೆ ಸಾರಾ ಶ್ರೋಟರ್ ತಂಡ 607 ರಿವ್ಯೂವರ್‌ಗಳ ಮೇಲೆ ಮಾಡಿತು. 9 ದೊಡ್ಡ ತಪ್ಪುಗಳಲ್ಲಿ ಮೊದಲ ಪೇಪರ್‌ನಲ್ಲಿ ಸರಾಸರಿ ಸಿಕ್ಕಿದ್ದು 2.58. ತರಬೇತಿ ಕೊಟ್ಟರೆ ಸುಧಾರಿಸುತ್ತಾರಾ ಅಂತಲೂ ನೋಡಿದರು, ಸುಧಾರಣೆ ಹೇಳಿಕೊಳ್ಳುವಷ್ಟು ಇರಲಿಲ್ಲ.

ಬಿಎಂಜೆ ತನ್ನದೇ ರಿವ್ಯೂವರ್‌ಗಳನ್ನು ಕೇಳಿದಾಗಲೇ ಉತ್ತರ 53%. ಒಬ್ಬ ಪಿಜಿ ಕೇಳಿದರೆ ಎಷ್ಟು ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಎರಡನೇ ತೊಂದರೆ ವಾಟ್ಸ್‌ಆ್ಯಪ್. ತುಮಕೂರಿನಲ್ಲಿ ಸೋಮವಾರ ಕೊಟ್ಟ ಪೇಪರ್ ಮಂಗಳವಾರ ಕೋಲಾರದಲ್ಲಿ ಇರುತ್ತದೆ, ‘ಟೇಬಲ್ 2 ನೋಡಿ ಸಾರ್’ ಅನ್ನುವ ಸಲಹೆಯ ಸಮೇತ.

ಬಾಗೇಪಲ್ಲಿ_ಬೋರ್‌ವೆಲ್

ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಬಿಎಂಜೆ ರಿವ್ಯೂವರ್‌ಗೆ ಬಾಗೇಪಲ್ಲಿಯ ನೀರು ಗೊತ್ತಿಲ್ಲ. ಸ್ಥಳ ಗೊತ್ತಿರುವವರು ಮಾತ್ರ ಹಿಡಿಯಬಲ್ಲ ತಪ್ಪುಗಳೂ ಇರುತ್ತವೆ, ಅವನ್ನು ಯಾರೂ ಸರಿಯಾಗಿ ಪರೀಕ್ಷಿಸಿಲ್ಲ. ಒಂದು ಕಟ್ಟುಪೇಪರ್ (ಬೇಕಂತಲೇ ತಪ್ಪು ತುಂಬಿ ಕಟ್ಟಿದ ಪೇಪರ್) ಹೀಗೆ ಮಾಡಬಹುದು.

ವಿಷಯ: ಶುದ್ಧ ನೀರಿನ ಘಟಕ ಮತ್ತು ಹಲ್ಲಿನ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಲೆಗಟ್ಟುವುದು). 12ರಿಂದ 15 ವರ್ಷದ 120 ಮಕ್ಕಳು. 60 ಮಕ್ಕಳು ಬೋರ್‌ವೆಲ್ ನೀರು ಕುಡಿಯುವ ಹಳ್ಳಿಗಳವರು, 60 ಮಕ್ಕಳು ಆರ್‌ಓ ಘಟಕ ಇರುವ ಹಳ್ಳಿಗಳವರು. ಘಟಕ ಬಂದು 4 ವರ್ಷ. ಫಲಿತಾಂಶ: ಬೋರ್‌ವೆಲ್ ಗುಂಪಿನಲ್ಲಿ 34 ಮಕ್ಕಳಿಗೆ (56.7%), ಆರ್‌ಓ ಗುಂಪಿನಲ್ಲಿ 21 ಮಕ್ಕಳಿಗೆ (38.2%) ಫ್ಲೋರೋಸಿಸ್, ಪಿ = 0.047 (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಕಾಣುವ ಸಾಧ್ಯತೆ; 0.05ರ ಕೆಳಗಿದ್ದರೆ ಮಹತ್ವದ್ದು ಅನ್ನುತ್ತಾರೆ). ತೀರ್ಮಾನ: ಆರ್‌ಓ ಘಟಕ ಫ್ಲೋರೋಸಿಸ್ ತಡೆಗಟ್ಟಿತು.

ಇದರಲ್ಲಿ ಎಷ್ಟು ತಪ್ಪಿವೆ ನೋಡಿ. ಆರ್‌ಓ ಹಳ್ಳಿಗಳೆಲ್ಲ ಹೆದ್ದಾರಿ ಪಕ್ಕದವು, ಬೋರ್‌ವೆಲ್ ಹಳ್ಳಿಗಳು ಒಳಗಿನವು. ಹಲ್ಲು ನೋಡಿದ ಡಾಕ್ಟರ್ ಒಬ್ಬರೇ, ಮಗು ಯಾವ ಹಳ್ಳಿಯದ್ದೆಂದು ಅವರಿಗೆ ಗೊತ್ತು. ಫ್ಲೋರೋಸಿಸ್ ಅಳೆಯುವ ಡೀನ್ ಇಂಡೆಕ್ಸ್ ಹಾಕಿದ್ದಾರೆ, ಎರಡನೇ ಸಲ ನೋಡಿ ತಾಳೆ ಹಾಕಿಲ್ಲ. ನೀರಿನ ಫ್ಲೋರೈಡ್ ಒಂದೇ ಸಲ, ಅದೂ ಮಳೆಗಾಲ ಮುಗಿದ ಮೇಲೆ ಅಳೆದದ್ದು. ಲೀಟರಿಗೆ 1.0 ಮಿ.ಗ್ರಾಂ ಅನ್ನು ಡಬ್ಲ್ಯುಎಚ್‌ಓ ಮಿತಿ ಎಂದು ಬರೆದಿದ್ದಾರೆ. ಅದು ಭಾರತದ ಮಾನಕ ಸಂಸ್ಥೆ ಬಿಐಎಸ್‌ನ ಸ್ವೀಕಾರಾರ್ಹ ಮಿತಿ, ಡಬ್ಲ್ಯುಎಚ್‌ಓ ಹೇಳುವುದು 1.5. ಮಕ್ಕಳ ಒಪ್ಪಿಗೆ ಇದೆ, ತಂದೆತಾಯಿಯರದ್ದು ಇಲ್ಲ.

ಎಲ್ಲಕ್ಕಿಂತ ದೊಡ್ಡದು ವಯಸ್ಸಿನಲ್ಲಿದೆ. ಫ್ಲೋರೋಸಿಸ್ ಆಗುವುದು ಎನಾಮಲ್ (ಹಲ್ಲಿನ ಹೊರಪದರ) ರೂಪುಗೊಳ್ಳುವಾಗ, ಅಂದರೆ ಸುಮಾರು 8 ವರ್ಷದ ಒಳಗೆ. 13 ವರ್ಷದ ಮಗುವಿಗೆ ಘಟಕ ಬಂದಾಗ 9 ವರ್ಷ. ಆ ಹೊತ್ತಿಗೆ ಮುಂದಿನ ಹಲ್ಲುಗಳ ಹಣೆಬರಹ ಬರೆದಾಗಿತ್ತು. ಈ ಅಧ್ಯಯನ ಅಳೆದದ್ದು ಆರ್‌ಓ ನೀರಿನ ಪರಿಣಾಮವನ್ನಲ್ಲ, ಯಾವ ಹಳ್ಳಿಗಳಿಗೆ ಘಟಕ ಮೊದಲು ಬಂತು ಅನ್ನುವುದನ್ನು.

ತಮಕ_ಸ್ಟಾಟ್ಸ್

ಒಳ್ಳೆಯ ಕಟ್ಟುಪೇಪರ್. ಶೇಕಡಾವಾರಿನ ವಿಷಯ ನೀವು ಹೇಳಲಿಲ್ಲ, ಬೇಕಂತಲೇ ಬಿಟ್ಟಿರಬೇಕು. 60ಕ್ಕೆ 21 ಅಂದರೆ 35%. 38.2% ಬರಬೇಕಾದರೆ ಭಾಗಿಸಿದ ಸಂಖ್ಯೆ 55 ಆಗಿರಬೇಕು. ಐದು ಮಕ್ಕಳು ಎಲ್ಲಿ ಹೋದರು?

ಪಿ ಬೆಲೆಯೂ 55ಕ್ಕೇ ತಾಳೆಯಾಗುತ್ತದೆ. 34/60 ಮತ್ತು 21/55 ಇಟ್ಟು ಎರಡು ಗುಂಪು ಹೋಲಿಸುವ ಕೈ-ಸ್ಕ್ವೇರ್ ಟೆಸ್ಟ್ ಹಾಕಿದರೆ 3.93, ಪಿ 0.047. ಚಿಕ್ಕ ಸಂಖ್ಯೆಗಳಿಗೆ ಹಾಕುವ ಯೇಟ್ಸ್ ತಿದ್ದುಪಡಿ ಸೇರಿಸಿದರೆ 3.22, ಪಿ 0.07ಕ್ಕೆ ಏರುತ್ತದೆ. ಯಾವ ಟೆಸ್ಟ್ ಹಾಕಿದೆವು ಅಂತ ಪೇಪರ್ ಬರೆಯದೇ ಇದ್ದರೆ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಕ್ಯಾಲ್ಕ್ಯುಲೇಟರ್ ತೆಗೆದುಕೊಂಡ ರಿವ್ಯೂವರ್‌ಗೆ ಐದು ನಿಮಿಷದ ಕೆಲಸ. ತೆಗೆಯುವವರು ಕಡಿಮೆ.

ಇದೇ ಜಾತಿಯದ್ದು ಗ್ರಿಮ್ ಪರೀಕ್ಷೆ, ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ಅವರದ್ದು. 25 ರೋಗಿಗಳು, ನೋವಿನ ಅಂಕ 0ಯಿಂದ 10ರವರೆಗೆ ಪೂರ್ಣ ಸಂಖ್ಯೆ, ಸರಾಸರಿ 3.27 ಎಂದು ಬರೆದಿದ್ದಾರೆ ಅನ್ನಿ. 25 ಜನರ ಸರಾಸರಿ 0.04ರ ಮಡಿಗಳಲ್ಲಿ ಮಾತ್ರ ಬರಲು ಸಾಧ್ಯ: 3.24, 3.28. ನಡುವೆ 3.27 ಇಲ್ಲ. ಒಂದೋ ಟೈಪಿಂಗ್ ತಪ್ಪು, ಇಲ್ಲ ಕೆಲವರ ಅಂಕ ಬಿಟ್ಟುಹೋಗಿದೆ, ಇಲ್ಲ ಇನ್ನೇನೋ. ನೂರಕ್ಕಿಂತ ಹೆಚ್ಚು ಜನರಿದ್ದರೆ ಎರಡು ದಶಮಾಂಶಕ್ಕೆ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ನಮ್ಮ ಕಡೆಯ ಥೀಸಿಸ್‌ಗಳಲ್ಲಿ ಗುಂಪಿಗೆ 25, 30, 40 ಜನ ಇರುವುದರಿಂದ ಚೆನ್ನಾಗಿ ನಡೆಯುತ್ತದೆ.

ನಂದಿ_ಕ್ರಾಸ್

ಅರ್ಧ ಅಂಕ ಕೊಡಲು ಬಿಟ್ಟಿದ್ದರೆ? 3.5, 4.5 ಅಂತ ಬರೆಯುವ ನರ್ಸ್‌ಗಳೂ ಇರುತ್ತಾರೆ.

ತಮಕ_ಸ್ಟಾಟ್ಸ್

ಆಗ 0.02ರ ಮಡಿ. 3.26 ಬರುತ್ತದೆ, 3.28 ಬರುತ್ತದೆ, 3.27 ಆಗಲೂ ಬರುವುದಿಲ್ಲ. 100 ಮಿ.ಮೀ. ಗೆರೆಯ ಮೇಲೆ ಅಳೆದು ಸೆಂಟಿಮೀಟರಿನಲ್ಲಿ ಬರೆದಿದ್ದರೆ ಮಾತ್ರ ಬರಬಹುದು. ಆದ್ದರಿಂದ ಮೊದಲು ಮೆಥಡ್ಸ್ (ಅಧ್ಯಯನ ಹೇಗೆ ಮಾಡಿದರು ಎಂಬ ಭಾಗ) ಓದಿ, ಆಮೇಲೆ ಆರೋಪ.

ಅರಿವಳಿಕೆ

ಲೆಕ್ಕದ ತಪ್ಪು ಹಿಡಿಯುವುದಕ್ಕೂ ಸುಳ್ಳು ಹಿಡಿಯುವುದಕ್ಕೂ ಬಹಳ ದೂರ ಇದೆ. ನಮ್ಮ ವಿಭಾಗದ ಜರ್ನಲ್ ‘ಅನಸ್ತೀಸಿಯಾ’ದಲ್ಲಿ ಜಾನ್ ಕಾರ್ಲೈಲ್ ಮಾಡಿದ್ದನ್ನು ನೋಡಿ. 2017ರಿಂದ ಮೂರು ವರ್ಷ ಆ ಜರ್ನಲ್‌ಗೆ ಬಂದ 526 ಟ್ರಯಲ್‌ಗಳು. ಬರೀ ಪೇಪರ್ ಇದ್ದ 373ರಲ್ಲಿ ಸುಳ್ಳು ದತ್ತಾಂಶ ಅಂತ ಅವರಿಗೆ ಅನಿಸಿದ್ದು 6, ಅಂದರೆ 2%. ಒಬ್ಬೊಬ್ಬ ರೋಗಿಯ ಸಾಲು ಇರುವ ಎಕ್ಸೆಲ್ ಶೀಟ್ ಸಿಕ್ಕ 153ರಲ್ಲಿ 67, ಅಂದರೆ 44%. ಶೀಟನ್ನು ಎಲ್ಲರಿಂದಲೂ ಕೇಳಿರಲಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ದೊಡ್ಡದು. ಓದುವವರು ಒಬ್ಬರೇ, ಕಣ್ಣೂ ಅದೇ. ಕೈಗೆ ಏನು ಕೊಟ್ಟರು ಅನ್ನುವುದಷ್ಟೇ ಬೇರೆ.

2020ರಲ್ಲಿ ಸರ್ಜಿಸ್ಫಿಯರ್ ಎಂಬ ಕಂಪನಿಯ ಕೋವಿಡ್ ಪ್ರಕರಣದಲ್ಲೂ ಇದೇ ಆಯಿತು. 671 ಆಸ್ಪತ್ರೆ, 96,032 ರೋಗಿಗಳು ಎಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಪೇಪರ್ ಮೇ 22ಕ್ಕೆ ಲ್ಯಾನ್ಸೆಟ್ ಜರ್ನಲ್‌ನಲ್ಲಿ ಬಂತು, ಜೂನ್ 4ಕ್ಕೆ ವಾಪಸ್ ಹೋಯಿತು. ಮೂಲ ದತ್ತಾಂಶವನ್ನು ಹೊರಗಿನ ತಪಾಸಣೆಗೆ ಕೊಡಲು ಕಂಪನಿ ಒಪ್ಪಲಿಲ್ಲ. ರಿವ್ಯೂವರ್‌ಗಳೂ ಅದನ್ನು ನೋಡಿರಲಿಲ್ಲ.

ಹಾಗಾಗಿ ನನ್ನ ಮತ ‘ಆ’ಗೆ. ರಿವ್ಯೂವರ್‌ಗೆ ಕಾಣದೇ ಹೋದದ್ದು ಸಾರ್ವಜನಿಕವಾಗಿ ಬೇರೆ ಕಡೆ ಬಿದ್ದಿರುತ್ತದೆ. ಸಿಟಿಆರ್‌ಐ ಅಂಥ ಜಾಗ. 2013ರಲ್ಲಿ ರಿವ್ಯೂವರ್‌ಗಳನ್ನೇ ಕೇಳಿದ ಸಮೀಕ್ಷೆಯಲ್ಲಿ ಟ್ರಯಲ್ ನೋಂದಣಿಯನ್ನು ತೆರೆದು ನೋಡುವವರು ಮೂವರಲ್ಲಿ ಒಬ್ಬರಷ್ಟೇ.

ಶಿರಾ_ಗೇಟ್

ಸರಿ, ‘ಆ’. ಎಲ್ಲಿಂದ ಶುರು ಮಾಡಲಿ?

ಗ್ರಂಥಪಾಲಕಿ

ಪಟ್ಟಿಯಿಂದ. ಹೆಚ್ಚಿನವರು ಎಡವುವುದು ಇಲ್ಲೇ, ಯಾಕೆಂದರೆ ಸಿಟಿಆರ್‌ಐನಲ್ಲಿ ಜಿಲ್ಲೆಯ ಹೆಸರು ಹಾಕಿ ಒಂದು ಸಲ ಹುಡುಕಿ ಬಂದಷ್ಟನ್ನೇ ಪಟ್ಟಿ ಅಂದುಕೊಳ್ಳುತ್ತಾರೆ.

ತುಮಕೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ 2014ರ ನವೆಂಬರಿನಲ್ಲಿ ಅಧಿಕೃತವಾಗಿ ಬದಲಾಯಿತು. ಹಳೆಯದು, ಹೊಸದು ಎರಡನ್ನೂ ಹಾಕಿ. ಹೊಸ ದಾಖಲೆಗಳಲ್ಲೂ ಹಳೆಯ ಸ್ಪೆಲ್ಲಿಂಗೇ ಇರುವುದುಂಟು. ಚಿಕ್ಕಬಳ್ಳಾಪುರಕ್ಕೆ ಕನಿಷ್ಠ ನಾಲ್ಕು ರೂಪ: ‘ಕ’ ಒತ್ತಿನೊಂದಿಗೆ, ಒತ್ತಿಲ್ಲದೆ, ಸಿ-ಕೆ ಎರಡೂ ಸೇರಿಸಿ, ಕೊನೆಗೆ ‘ಎ’ ಇಟ್ಟು ಮತ್ತು ಬಿಟ್ಟು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಸಿಟಿಆರ್‌ಐ ಶುರುವಾದದ್ದೂ ಅದೇ ವರ್ಷದ ಜುಲೈನಲ್ಲಿ. ಆದ್ದರಿಂದ ಆರಂಭದ ದಾಖಲೆಗಳಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕೋಲಾರ ಜಿಲ್ಲೆ ಎಂದೇ ಇರಬಹುದು. ತಾಲ್ಲೂಕಿನ ಹೆಸರಲ್ಲೂ ಹುಡುಕಿ. ಕೋಲಾರ ಅಂತ ಹಾಕಿದರೆ ಭೋಪಾಲದ ಕೋಲಾರ್ ರಸ್ತೆಯ ಆಸ್ಪತ್ರೆಗಳೂ ಬರುತ್ತವೆ, ರಾಜ್ಯದ ಕಾಲಂ ನೋಡಿ ಕೈಬಿಡಿ.

ಬೆಂಗಳೂರಿನ ಸಂಸ್ಥೆ ಮುಖ್ಯವಾಗಿದ್ದು ಇಲ್ಲಿ ಒಂದು ಕೇಂದ್ರ ಮಾತ್ರ ಇರುವ ಟ್ರಯಲ್‌ಗಳನ್ನು ಸೇರಿಸುತ್ತೀರೋ ಬಿಡುತ್ತೀರೋ ಮೊದಲೇ ಬರೆದಿಡಿ. ಬಿಡುವುದು ಮೇಲು, ಅವುಗಳ ಪೇಪರ್ ಬರೆಯುವವರು ಇಲ್ಲಿಯವರಲ್ಲ.

ಸಿಟಿಆರ್‌ಐನಲ್ಲಿ ಪಿಜಿ ಥೀಸಿಸ್ ಹೌದೋ ಅಲ್ಲವೋ ಎಂಬ ಕಾಲಂ ಇದೆ. ಬೇರೆ ದೇಶದ ನೋಂದಣಿಗಳಲ್ಲಿ ಸಾಮಾನ್ಯವಾಗಿ ಸಿಗದ ಅನುಕೂಲ ಇದು, ಬಳಸಿಕೊಳ್ಳಿ. ಹಾಗೇ ಸಿಟಿಆರ್‌ಐ ವೀಕ್ಷಣಾ ಅಧ್ಯಯನಗಳನ್ನೂ (ಚಿಕಿತ್ಸೆ ಕೊಡದೆ ಬರೀ ಗಮನಿಸುವಂಥವು) ನೋಂದಾಯಿಸಿಕೊಳ್ಳುತ್ತದೆ. ಟ್ರಯಲ್ ಮಾತ್ರ ಬೇಕಿದ್ದರೆ ಅಧ್ಯಯನದ ಬಗೆ ನೋಡಿ ಬೇರ್ಪಡಿಸಿ.

ಅರಿವಳಿಕೆ

ತಾರೀಖು. 2018ರ ಏಪ್ರಿಲ್ 1ರಿಂದ ಸಿಟಿಆರ್‌ಐ ಮೊದಲ ರೋಗಿ ಸೇರುವ ಮುಂಚಿನ ನೋಂದಣಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ಕೆಲಸ ಮುಗಿಸಿ ನೋಂದಾಯಿಸಿದ್ದು ಬೇಕಾದಷ್ಟಿವೆ, ಅವಕ್ಕೆ ‘ಮೊದಲು ಏನೆಂದಿದ್ದರು’ ಅನ್ನುವ ಪ್ರಶ್ನೆಯೇ ಅನ್ವಯಿಸುವುದಿಲ್ಲ. 2018ರ ಏಪ್ರಿಲ್ ನಂತರದ್ದನ್ನಷ್ಟೇ ತೆಗೆದುಕೊಳ್ಳಿ.

ಆಗಲೂ ನಂಬಿ ಕೂರಬೇಡಿ. ದಾಖಲೆಯಲ್ಲಿ ನೋಂದಣಿ ಆಗಸ್ಟ್ 2019, ಮೊದಲ ರೋಗಿ ಸೆಪ್ಟೆಂಬರ್ 2019 ಎಂದಿರುತ್ತದೆ. ಪೇಪರ್‌ನ ಮೆಥಡ್ಸ್‌ನಲ್ಲಿ ‘ಜನವರಿ 2019ರಿಂದ ಜೂನ್ 2020ರವರೆಗೆ’ ಎಂದು ಅಚ್ಚಾಗಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟವರಿಗೆ ಮಾತ್ರ ಕಾಣುವ ಸಂಗತಿ. ನಿಮ್ಮ ಶೀಟ್‌ನಲ್ಲಿ ಇದಕ್ಕೊಂದು ಕಾಲಂ ಇರಲಿ.

ಇನ್ನು ಮುಖ್ಯ ಫಲಿತ, ಪ್ರೈಮರಿ ಔಟ್‌ಕಮ್. ತೋಳಿನ ನರಗಳಿಗೆ ಅರಿವಳಿಕೆ ಕೊಡುವ ಬ್ರೇಕಿಯಲ್ ಪ್ಲೆಕ್ಸಸ್ ಬ್ಲಾಕ್‌ಗೆ ರೋಪಿವಕೇನ್ ಜೊತೆ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಔಷಧ ಸೇರಿಸುವ ಟ್ರಯಲ್ ಎಲ್ಲ ಊರಲ್ಲೂ ಇದೆ, ಅದನ್ನೇ ಉದಾಹರಣೆ ಮಾಡೋಣ. ನೋಂದಣಿಯಲ್ಲಿ ‘ಸೆನ್ಸರಿ ಬ್ಲಾಕ್ (ಸ್ಪರ್ಶ, ನೋವು ತಿಳಿಯದ ಸ್ಥಿತಿ) ಇರುವ ಅವಧಿ, ನಿಮಿಷಗಳಲ್ಲಿ’. ಪೇಪರ್‌ನಲ್ಲಿ ‘ನಮ್ಮ ಪ್ರೈಮರಿ ಔಟ್‌ಕಮ್ 6ನೇ ಗಂಟೆಯ ನೋವಿನ ಅಂಕ’. ಅವಧಿ ಸೆಕೆಂಡರಿ ಪಟ್ಟಿಯಲ್ಲಿ ಮೂರನೆಯದಾಗಿ ಕೂತಿದೆ, ಪಿ 0.21. ಇದು ಬದಲಾವಣೆ, ಅನುಮಾನ ಬೇಡ. 6ನೇ ಗಂಟೆ ಅಂದವರು 8ನೇ ಗಂಟೆ ಅಂದರೆ? ಅದೂ ಬದಲಾವಣೆಯೇ, ಸಮಯ ಔಟ್‌ಕಮ್‌ನ ಭಾಗ. ‘ನೋವು ಶಮನ’ ಅಂತ ಎರಡೇ ಪದ ಬರೆದು ಯಾವಾಗ, ಯಾವ ಅಳತೆ ಎಂದು ಹೇಳದೇ ಇದ್ದರೆ? ಅದಕ್ಕೆ ‘ನಿರ್ಧರಿಸಲಾಗದು’ ಎಂಬ ಬೇರೆ ಕೋಡ್ ಕೊಡಿ. ‘ಸರಿ ಇದೆ’ ಗುಂಪಿಗೆ ತಳ್ಳಿದರೆ ಅಸ್ಪಷ್ಟವಾಗಿ ಬರೆದವರೇ ಗೆದ್ದ ಹಾಗಾಗುತ್ತದೆ.

ರಿವ್ಯೂವರ್_ನಂ2

ಅಸ್ಪಷ್ಟತೆಗೆ ಅಳತೆಗೋಲು ಇದೆ. 2011ರಲ್ಲಿ ಡೆಬೊರಾ ಝರಿನ್ ತಂಡ ನಾಲ್ಕು ಹಂತ ಹೇಳಿತು: ಯಾವ ವಿಷಯ (ನೋವು), ಯಾವ ಸಾಧನ (0-10 ಅಂಕ), ಯಾವ ರೂಪ (ಶುರುವಿನಿಂದ ಆದ ಬದಲಾವಣೆಯೋ, ಆ ಹೊತ್ತಿನ ಅಂಕವೋ), ಹೇಗೆ ಒಟ್ಟುಗೂಡಿಸುತ್ತೀರಿ (ಸರಾಸರಿಯೋ, 3ಕ್ಕಿಂತ ಕಡಿಮೆ ಇರುವವರ ಶೇಕಡಾವಾರೋ). ಜೊತೆಗೆ ಸಮಯ. ಪ್ರತಿ ದಾಖಲೆಗೂ ಎಷ್ಟು ಹಂತ ತುಂಬಿದೆ ಎಂದು ಅಂಕ ಕೊಡಿ. ಔಟ್‌ಕಮ್ ಬದಲಾದದ್ದಕ್ಕಿಂತ ಇದೇ ಹೆಚ್ಚು ಉಪಯೋಗದ ಫಲಿತಾಂಶ ಆದೀತು, ಯಾಕೆಂದರೆ ಇದನ್ನು ಸಿನಾಪ್ಸಿಸ್ ಹಂತದಲ್ಲೇ ಸರಿಪಡಿಸಬಹುದು.

ಶಿರಾ_ಗೇಟ್

ಪೇಪರ್ ಹುಡುಕುವುದು ಹೇಗೆ? ಸಿಟಿಆರ್‌ಐ ನಂಬರ್ ಹಾಕಿದರೆ ವೈದ್ಯಕೀಯ ಪೇಪರ್ ಹುಡುಕುವ ಪಬ್‌ಮೆಡ್‌ನಲ್ಲಿ ಏನೂ ಬರುವುದಿಲ್ಲ ಅನ್ನುತ್ತಾರೆ. ಪೇಪರ್ ಸಿಗದಿದ್ದರೆ ಅಚ್ಚಾಗಿಲ್ಲ ಅಂತ ಬರೆಯಬಹುದಾ?

ಗ್ರಂಥಪಾಲಕಿ

ಪಬ್‌ಮೆಡ್ ಹುಡುಕುವುದು ಶೀರ್ಷಿಕೆ, ಅಬ್‌ಸ್ಟ್ರಾಕ್ಟ್ ಮುಂತಾದ ವಿವರಗಳಲ್ಲಿ, ಇಡೀ ಪೇಪರ್‌ನಲ್ಲಿ ಅಲ್ಲ. ನಂಬರ್ ಇರುವುದು ಸಾಮಾನ್ಯವಾಗಿ ಮೆಥಡ್ಸ್‌ನ ಮಧ್ಯದಲ್ಲಿ. ಹಾಗಾಗಿ ಮೂರು ಸುತ್ತು ಮಾಡಿ. ಮೊದಲು ನಂಬರ್ ಹಾಕಿ ಗೂಗಲ್ ಸ್ಕಾಲರ್, ಅದು ಪೂರ್ಣಪಾಠ ಓದುತ್ತದೆ. ನಂಬರ್‌ನಲ್ಲಿರುವ ಓರೆಗೆರೆ (/) ಇಟ್ಟು ಒಂದು ಸಲ, ಕೊನೆಯ ಆರು ಅಂಕಿ ಮಾತ್ರ ಹಾಕಿ ಒಂದು ಸಲ. ಎರಡನೇ ಸುತ್ತಿಗೆ ಔಷಧ, ಶಸ್ತ್ರಚಿಕಿತ್ಸೆ, ಊರು. ಮೂರನೆಯದಕ್ಕೆ ಥೀಸಿಸ್ ಗೈಡ್ ಹೆಸರು.

ಹೆಸರಿನ ವಿಷಯ ಜೋಪಾನ. ನಮ್ಮಲ್ಲಿ ಇನಿಶಿಯಲ್ ಹಿಂದೆಯೂ ಬರುತ್ತದೆ, ಮುಂದೆಯೂ ಬರುತ್ತದೆ, ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ ಕೂರುತ್ತದೆ, ಮದುವೆಯಾದ ಮೇಲೆ ಮತ್ತೆ ಬದಲಾಗುತ್ತದೆ. ಪಿಜಿ ಕೋರ್ಸ್ ಮುಗಿಸಿ ಹೋದ ಮೇಲೆ ಪೇಪರ್‌ನಲ್ಲಿ ಹೊಸ ಆಸ್ಪತ್ರೆಯ ವಿಳಾಸ ಇರುತ್ತದೆ. ಗೈಡ್ ಹೆಸರೇ ಹೆಚ್ಚು ಭರವಸೆಯ ದಾರಿ.

ಸಿಕ್ಕ ಪೇಪರ್ ಅದೇ ಟ್ರಯಲ್‌ನದ್ದಾ ಎಂದು ತೀರ್ಮಾನಿಸಲು ನಿಯಮ ಮೊದಲೇ ಬರೆದಿಡಿ. ನಂಬರ್ ಇದ್ದರೆ ಸಾಕು. ಇಲ್ಲದಿದ್ದರೆ ಸಂಸ್ಥೆ, ಚಿಕಿತ್ಸೆ, ಹೋಲಿಕೆಯ ಗುಂಪು ಮೂರೂ ಕೂಡಬೇಕು. ರೋಗಿಗಳ ಸಂಖ್ಯೆ ಕೂಡಬೇಕು ಎಂಬ ನಿಯಮ ಮಾತ್ರ ಬೇಡ. 80 ಅಂದು 62ಕ್ಕೆ ನಿಲ್ಲಿಸಿದ ಟ್ರಯಲ್‌ಗಳು ಆಗ ತಪ್ಪಿಸಿಕೊಳ್ಳುತ್ತವೆ, ನಿಮಗೆ ಬೇಕಾದದ್ದೇ ಅವು.

‘ಅಚ್ಚಾಗಿಲ್ಲ’ ಎನ್ನಬೇಡಿ, ‘ಇಂತಿಂಥ ಹುಡುಕಾಟದಲ್ಲಿ ಇಂಥ ದಿನಾಂಕದವರೆಗೆ ಸಿಗಲಿಲ್ಲ’ ಎನ್ನಿ. ಮುಗಿದು ಕನಿಷ್ಠ 24 ತಿಂಗಳಾಗಿರಬೇಕು. ಮುಗಿದ ದಿನಾಂಕವನ್ನು ಸಿಟಿಆರ್‌ಐನಲ್ಲಿ ಬಹಳ ಜನ ತುಂಬುವುದೇ ಇಲ್ಲ. ವರ್ಷಗಳ ಹಿಂದಿನ ಟ್ರಯಲ್ ‘ಇನ್ನೂ ರೋಗಿಗಳನ್ನು ಸೇರಿಸಿಕೊಂಡಿಲ್ಲ’ ಎಂಬ ಸ್ಥಿತಿಯಲ್ಲೇ ಕೂತಿರುತ್ತದೆ. ಮೊದಲ ರೋಗಿಯ ದಿನಾಂಕಕ್ಕೆ, ಅಲ್ಲೇ ಇರುವ ಅಂದಾಜು ಅವಧಿಯನ್ನು ಕೂಡಿಸಿ ಲೆಕ್ಕ ಹಾಕಿ.

ತಮಕ_ಸ್ಟಾಟ್ಸ್

ಸಿಗದವುಗಳನ್ನು ಕಸ ಅಂತ ಎತ್ತಿಡಬೇಡಿ. ಎರಿಕ್ ಟರ್ನರ್ 2008ರಲ್ಲಿ ಅಮೆರಿಕದ ಎನ್‌ಇಜೆಎಂ ಜರ್ನಲ್‌ನಲ್ಲಿ ತೋರಿಸಿದ್ದೇ ಅದು. ಖಿನ್ನತೆಯ ಔಷಧಗಳ 74 ಟ್ರಯಲ್‌ಗಳು ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಬಳಿ ಇದ್ದವು. ಎಫ್‌ಡಿಎ ಲೆಕ್ಕದಲ್ಲಿ ಯಶಸ್ವಿಯಾದ 38ರಲ್ಲಿ 37 ಅಚ್ಚಾದವು. ಉಳಿದ 36ರಲ್ಲಿ 22 ಅಚ್ಚೇ ಆಗಲಿಲ್ಲ, 11 ಗೆದ್ದಂತೆ ಬರೆಸಿಕೊಂಡು ಅಚ್ಚಾದವು, 3 ಮಾತ್ರ ಇದ್ದದ್ದು ಇದ್ದ ಹಾಗೆ. ಕಳಿಸದೇ ಇದ್ದ ಪೇಪರನ್ನು ಯಾವ ರಿವ್ಯೂವರೂ ನೋಡಲು ಸಾಧ್ಯವಿಲ್ಲ.

ಸ್ಯಾಂಪಲ್ ಸೈಜ್. 2009ರಲ್ಲಿ ಮಾತ್ಯೂ ತಂಡ ಜಾಮಾ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾಗಿ ನೋಂದಣಿಯಾದ 147 ಟ್ರಯಲ್‌ಗಳಲ್ಲಿ 31%ಕ್ಕೆ ನೋಂದಣಿಗೂ ಪೇಪರ್‌ಗೂ ಔಟ್‌ಕಮ್ ಕೂಡಿಬರಲಿಲ್ಲ. ಈ ಪ್ರಮಾಣ 0.31, ಆಚೀಚೆ 10% ಬಿಟ್ಟರೆ 3.84 × 0.31 × 0.69 ÷ 0.01, ಅಂದರೆ 83 ಜೋಡಿ. ಒಟ್ಟು ಲಭ್ಯವಿರುವುದೇ 140 ಜೋಡಿ ಎಂದಿಟ್ಟುಕೊಂಡರೆ ಸೀಮಿತ ಸಮೂಹದ ತಿದ್ದುಪಡಿಯಿಂದ 53ಕ್ಕೆ ಇಳಿಯುತ್ತದೆ. ಆದರೆ 140 ನೋಂದಣಿ ಅಂದರೆ 140 ಜೋಡಿ ಅಲ್ಲ, ಅರ್ಧಕ್ಕೆ ಪೇಪರ್ ಸಿಗದಿದ್ದರೆ ಉಳಿಯುವುದು 70. ಅಷ್ಟು ಚಿಕ್ಕ ಪಟ್ಟಿಯಲ್ಲಿ ಸ್ಯಾಂಪಲ್ ತೆಗೆಯುವುದೇ ಬೇಡ, ಎಲ್ಲವನ್ನೂ ತೆಗೆದುಕೊಳ್ಳಿ. ಸೂತ್ರ ಸಿನಾಪ್ಸಿಸ್‌ನಲ್ಲಿ ಇರಲಿ, ಕಮಿಟಿಯವರು ಅದನ್ನು ಕೇಳದೆ ಬಿಡುವುದಿಲ್ಲ.

ನಂದಿ_ಕ್ರಾಸ್

ಒಬ್ಬರೇ ಕೂತು ಕೋಡ್ ಮಾಡಿದರೆ ಯಾರೂ ಒಪ್ಪುವುದಿಲ್ಲ ಅಲ್ಲವಾ?

ತಮಕ_ಸ್ಟಾಟ್ಸ್

ಒಪ್ಪಬಾರದು. ಇಬ್ಬರು ಬೇಕು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಾರದು. ಕ್ರಮವೂ ಮುಖ್ಯ: ನೋಂದಣಿಯ ಔಟ್‌ಕಮನ್ನು ಶೀಟ್‌ಗೆ ಇಳಿಸಿ ಬೀಗ ಹಾಕಿದ ಮೇಲೆಯೇ ಪೇಪರ್ ತೆರೆಯಬೇಕು. ಪೇಪರ್ ಮೊದಲು ಓದಿದರೆ ‘ಓ, ಇವರು ಹೇಳಿದ್ದು ಇದೇ ಇರಬೇಕು’ ಎಂದು ಮನಸ್ಸು ತಾನೇ ಹೊಂದಿಸಿಕೊಳ್ಳುತ್ತದೆ.

ಕಪ್ಪಾ (ಆಕಸ್ಮಿಕ ಕಳೆದು ಇಬ್ಬರ ಒಮ್ಮತ ಅಳೆಯುವ ಸಂಖ್ಯೆ) ಲೆಕ್ಕ ಒಂದು ಸಲ ಕೈಯಲ್ಲಿ ಹಾಕಿ ನೋಡಿ. 60 ಜೋಡಿ. ಇಬ್ಬರೂ ‘ಬದಲಾಗಿದೆ’ ಅಂದದ್ದು 22, ಇಬ್ಬರೂ ‘ಇಲ್ಲ’ ಅಂದದ್ದು 26, ಮೊದಲನೆಯವರು ಮಾತ್ರ ಹೌದು ಅಂದದ್ದು 7, ಎರಡನೆಯವರು ಮಾತ್ರ 5. ಒಮ್ಮತ 48/60, 0.80. ಕೇಳಲು ಚೆನ್ನಾಗಿದೆ. ಆಕಸ್ಮಿಕವಾಗಿ ಬರಬಹುದಾದ ಒಮ್ಮತ (29×27 + 31×33) ÷ 3600 = 0.50. ಕಪ್ಪಾ (0.80 − 0.50) ÷ (1 − 0.50) = 0.60. ಅಷ್ಟೇನೂ ಚೆನ್ನಾಗಿಲ್ಲ. ಮೊದಲ 10 ಜೋಡಿ ಅಭ್ಯಾಸಕ್ಕೆ ಮಾಡಿ, ಎಲ್ಲಿ ಒಮ್ಮತ ಬರಲಿಲ್ಲ ನೋಡಿ, ಕೋಡ್ ಪುಸ್ತಕ ತಿದ್ದಿ, ಆಮೇಲೆ ಉಳಿದದ್ದು. ಆ 10ನ್ನು ಅಂತಿಮ ಕಪ್ಪಾದಲ್ಲಿ ಸೇರಿಸಬೇಡಿ.

ಮಂಡಿಪೇಟೆ

ಎಥಿಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಸಾರ್ವಜನಿಕವಾಗಿ ಸಿಗುವ ಮಾಹಿತಿಯ ಅಧ್ಯಯನಕ್ಕೆ ಪರಿಶೀಲನೆಯಿಂದ ವಿನಾಯಿತಿ ಸಿಗಬಹುದು. ಆದರೆ ವಿನಾಯಿತಿ ಕೊಡಬೇಕಾದದ್ದು ಕಮಿಟಿ. ನೀವೇ ಕೊಟ್ಟುಕೊಂಡು ಕೆಲಸ ಶುರು ಮಾಡಿದರೆ ಜರ್ನಲ್ ಪತ್ರ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಅರ್ಜಿ ಹಾಕಿ, ವಿನಾಯಿತಿ ಪತ್ರ ತೆಗೆದುಕೊಳ್ಳಿ. ಲೇಖಕರಿಗೆ ಮೇಲ್ ಮಾಡಿ ‘ಯಾಕೆ ಬದಲಾಯಿಸಿದಿರಿ’ ಎಂದು ಕೇಳುವ ಭಾಗ ಸೇರಿಸಿದರೆ ವಿನಾಯಿತಿ ಹೋಯಿತು, ಅದು ಮನುಷ್ಯರ ಮೇಲಿನ ಅಧ್ಯಯನ.

ಇನ್ನೊಂದು. ಮೂರು ಜಿಲ್ಲೆ, ಬೆರಳೆಣಿಕೆಯ ಕಾಲೇಜು. ‘ಕಾಲೇಜು ಬಿ, ಅರಿವಳಿಕೆ ವಿಭಾಗ’ ಎಂದು ಬರೆದರೂ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಮೂರೂ ಜಿಲ್ಲೆಯನ್ನು ಒಟ್ಟಿಗೆ ತೋರಿಸಿ, ಕಾಲೇಜುವಾರು ಟೇಬಲ್ ಹಾಕಬೇಡಿ.

ರಿವ್ಯೂವರ್_ನಂ2

ಇದನ್ನು ಒಪ್ಪಲಾರೆ. ನೋಂದಣಿಯೂ ಸಾರ್ವಜನಿಕ, ಪೇಪರೂ ಸಾರ್ವಜನಿಕ. ಬೆನ್ ಗೋಲ್ಡೇಕರ್ ತಂಡದ ಕಂಪೇರ್ ಯೋಜನೆ ಐದು ದೊಡ್ಡ ಜರ್ನಲ್‌ಗಳ ಹೆಸರು ಹಿಡಿದೇ ಬರೆಯಿತು. 67 ಟ್ರಯಲ್‌ಗಳಲ್ಲಿ ತಕರಾರಿಲ್ಲದವು 9. ಹೇಳಿದ್ದ 354 ಔಟ್‌ಕಮ್ ನಾಪತ್ತೆ, ಹೇಳದೇ ಇದ್ದ 357 ಸದ್ದಿಲ್ಲದೆ ಸೇರಿದ್ದವು. ತಕರಾರಿದ್ದ ಉಳಿದ 58ಕ್ಕೂ ತಿದ್ದುಪಡಿ ಪತ್ರ ಕಳಿಸಿದರು. ಹೆಸರು ಹೇಳದಿದ್ದರೆ ನಿಮ್ಮ ಕೋಡಿಂಗ್ ಸರಿಯಾ ಅಂತ ಮೂರನೆಯವರು ಪರೀಕ್ಷಿಸುವುದು ಹೇಗೆ? ಮುಚ್ಚಿಟ್ಟ ದತ್ತಾಂಶದ ಮೇಲೆ ಪಾರದರ್ಶಕತೆಯ ಥೀಸಿಸ್ಸಾ?

ಮಂಡಿಪೇಟೆ

ಗೋಲ್ಡೇಕರ್‌ಗೆ ಆಕ್ಸ್‌ಫರ್ಡ್‌ನಲ್ಲಿ ಕೆಲಸ ಇತ್ತು. ಇವರು ಮೂರು ವರ್ಷದ ಪಿಜಿ, ಪರೀಕ್ಷೆಗೆ ಬರುವ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಪಕ್ಕದ ಕಾಲೇಜಿನವರು.

ಅರಿವಳಿಕೆ

ಇಬ್ಬರದ್ದೂ ನಡೆಯುವ ದಾರಿ ಇದೆ. ಪೇಪರ್‌ನಲ್ಲಿ ಒಟ್ಟು ಸಂಖ್ಯೆಗಳು ಮಾತ್ರ. ಸಿಟಿಆರ್‌ಐ ನಂಬರ್ ಮತ್ತು ಕೋಡ್ ಇರುವ ಶೀಟ್ ಜರ್ನಲ್‌ನ ಎಡಿಟರ್ ಮತ್ತು ರಿವ್ಯೂವರ್‌ಗೆ, ಕೇಳಿದ ಸಂಶೋಧಕರಿಗೆ ಕೂಡ. ಕಾರ್ಲೈಲ್ ಕಥೆ ಹೇಳಿ ಶೀಟ್ ಬಚ್ಚಿಟ್ಟರೆ ನಗೆಪಾಟಲು.

ಹಾಗೇ ನಿಮ್ಮ ಪ್ರೋಟೋಕಾಲನ್ನು ಓಎಸ್‌ಎಫ್ ಎಂಬ ಸಂಶೋಧನಾ ತಾಣದಲ್ಲಿ ಮೊದಲೇ ನೋಂದಾಯಿಸಿ, ದುಡ್ಡು ಕೇಳುವುದಿಲ್ಲ. ಯಾರಾದರೂ ನಿಮ್ಮ ಪೇಪರನ್ನು ಅದರ ಜೊತೆ ಹೋಲಿಸಿಯೇ ಹೋಲಿಸುತ್ತಾರೆ. ಮಧ್ಯದಲ್ಲಿ ಬದಲಾಯಿಸಬೇಕಾಗಿ ಬಂದರೆ ಬದಲಾಯಿಸಿ, ದಿನಾಂಕ ಮತ್ತು ಕಾರಣ ಬರೆಯಿರಿ. ಬದಲಾವಣೆ ತಪ್ಪಲ್ಲ, ಹೇಳದಿರುವುದು ತಪ್ಪು. ಟ್ರಯಲ್‌ಗಳನ್ನು ಕೋಡ್ ಮಾಡುವಾಗಲೂ ‘ಬದಲಾಗಿದೆ, ಕಾರಣ ಹೇಳಿದ್ದಾರೆ’ ಎಂಬುದನ್ನು ಬೇರೆ ಇಡಿ.

ಶಿರಾ_ಗೇಟ್

ಇದನ್ನು ಯಾವ ಜರ್ನಲ್‌ಗೆ ಕಳಿಸಬೇಕು? ‘ಪಬ್‌ಮೆಡ್‌ನಲ್ಲಿದೆ, 15 ದಿನದಲ್ಲಿ ಒಪ್ಪಿಗೆ’ ಎಂಬ ಮೇಲ್‌ಗಳು ಈಗಲೇ ಬರುತ್ತಿವೆ. ಯುಜಿಸಿ ಒಪ್ಪಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯೂ ಹೋಯಿತಲ್ಲ.

ಗ್ರಂಥಪಾಲಕಿ

ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು, ಆದರೆ ಮೆಡಿಕಲ್ ಅಧ್ಯಾಪಕರ ಬಡ್ತಿಗೆ ನೋಡುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್‌ಎಂಸಿ) ನಿಯಮ. 2022ರ ನಿಯಮದಲ್ಲಿ ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್ (ಪಿಎಂಸಿ), ಸ್ಕೋಪಸ್, ಡಿಓಎಜೆ ಮುಂತಾದ ಜರ್ನಲ್ ಪಟ್ಟಿಗಳು ಇದ್ದವು, ಮೊದಲ ಮೂವರು ಲೇಖಕರಿಗೆ ಅಥವಾ ಕರೆಸ್ಪಾಂಡಿಂಗ್ ಲೇಖಕರಿಗೆ ಲೆಕ್ಕ. 2025ರಲ್ಲಿ ಹೊಸ ನಿಯಮ ಬಂದಿದೆ. ಯಾರೋ ಫಾರ್ವರ್ಡ್ ಮಾಡಿದ್ದನ್ನು ಬಿಟ್ಟು ಗೆಜೆಟ್ ಪ್ರತಿಯನ್ನೇ ಓದಿ.

‘ಪಬ್‌ಮೆಡ್‌ನಲ್ಲಿದೆ’ ಅನ್ನುವುದು ಜಾಣ ಮಾತು. ಪಬ್‌ಮೆಡ್ ಒಂದು ಹುಡುಕುಪೆಟ್ಟಿಗೆ. ಅದರೊಳಗೆ ಆಯ್ಕೆ ಸಮಿತಿ ಪರಿಶೀಲಿಸಿ ಸೇರಿಸಿದ ಮೆಡ್‌ಲೈನ್ ಜರ್ನಲ್‌ಗಳೂ ಇವೆ, ಪಿಎಂಸಿ ಮೂಲಕ ಬಂದ ಪೂರ್ಣಪಾಠಗಳೂ ಇವೆ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹಣ ಪಡೆದ ಲೇಖಕರು ತಮ್ಮ ಒಂದು ಪೇಪರನ್ನು ಪಿಎಂಸಿಗೆ ಹಾಕಿದರೆ, ಆ ಜರ್ನಲ್ ಎಂಥದ್ದೇ ಆಗಿರಲಿ, ಆ ಒಂದು ಪೇಪರ್ ಪಬ್‌ಮೆಡ್‌ನಲ್ಲಿ ಕಾಣುತ್ತದೆ. ಆ ಒಂದನ್ನು ತೋರಿಸಿ ಇಡೀ ಜರ್ನಲ್ ಮಾರುತ್ತಾರೆ. ಪಬ್‌ಮೆಡ್ ನಡೆಸುವ ಎನ್‌ಎಲ್‌ಎಂ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ಸಂಖ್ಯೆ) ಹಾಕಿ ‘ಕರೆಂಟ್ಲಿ ಇಂಡೆಕ್ಸ್ಡ್ ಫಾರ್ ಮೆಡ್‌ಲೈನ್’ ಎಂಬ ಸಾಲು ಇದೆಯಾ ನೋಡಿ. ಸ್ಕೋಪಸ್ ಎಂದರೆ ಅವರ ಪಟ್ಟಿಯಲ್ಲಿ ಯಾವ ವರ್ಷದವರೆಗೆ ಎಂದು ನೋಡಿ, ಕೈಬಿಟ್ಟ ಜರ್ನಲ್‌ಗಳು ಹಳೆಯ ಲೋಗೊ ತೆಗೆಯುವುದಿಲ್ಲ. ಜರ್ನಲ್‌ನ ವೆಬ್ ವಿಳಾಸವೂ ಅಲ್ಲಿರುವುದಕ್ಕೆ ತಾಳೆಯಾಗಬೇಕು, ಹೆಸರು ಕದ್ದ ನಕಲಿ ತಾಣಗಳಿವೆ.

ಇದು ಹೊಸ ರೋಗ ಅಲ್ಲ. 2013ರಲ್ಲಿ ಜಾನ್ ಬೊಹಾನನ್ ‘ಸೈನ್ಸ್’ ಪತ್ರಿಕೆಗಾಗಿ ಎದ್ದು ಕಾಣುವ ತಪ್ಪಿನ ಸುಳ್ಳು ಪೇಪರನ್ನು 304 ಓಪನ್ ಆಕ್ಸೆಸ್ ಜರ್ನಲ್‌ಗಳಿಗೆ ಕಳಿಸಿದರು. 157 ಒಪ್ಪಿಕೊಂಡವು. ಕಳಿಸಿದ್ದ ಜರ್ನಲ್‌ಗಳಲ್ಲಿ ಮೂರನೇ ಒಂದು ಭಾಗದಷ್ಟು ಭಾರತದಲ್ಲಿ ನೆಲೆಯಿದ್ದವು.

ಅಂಥ ಕಡೆ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ. ವಾಪಸ್ ಕೇಳಿದರೆ ‘ವಿತ್‌ಡ್ರಾವಲ್ ಫೀ’ ಕೇಳುತ್ತಾರೆ, ಅಷ್ಟರಲ್ಲಿ ಆನ್‌ಲೈನ್ ಹಾಕಿರುತ್ತಾರೆ, ಒಳ್ಳೆಯ ಜರ್ನಲ್ ‘ಈಗಾಗಲೇ ಪ್ರಕಟವಾಗಿದೆ’ ಎಂದು ತೆಗೆದುಕೊಳ್ಳುವುದಿಲ್ಲ. ಕಾಪಿರೈಟ್ ಫಾರಂಗೆ ಸಹಿ ಹಾಕುವ ಮುಂಚೆಯೇ ಇದೆಲ್ಲ ನೋಡಬೇಕು.

ಬಾಗೇಪಲ್ಲಿ_ಬೋರ್‌ವೆಲ್

ನನ್ನ ಕಟ್ಟುಪೇಪರ್ ಥೀಸಿಸ್‌ಗೆ ಬೇಡವಾದರೆ ಜರ್ನಲ್ ಕ್ಲಬ್‌ಗೆ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೂ 40 ನಿಮಿಷ, ವೀಕ್ಷಣಾ ಅಧ್ಯಯನದ ಪೇಪರ್‌ನಲ್ಲಿ ಏನೇನಿರಬೇಕು ಎಂದು ಹೇಳುವ ಸ್ಟ್ರೋಬ್‌ನ 22 ಅಂಶಗಳ ಪಟ್ಟಿ ಅರ್ಧ ಜನಕ್ಕೆ ಕೊಡಿ, ಅರ್ಧ ಜನಕ್ಕೆ ಬೇಡ. ಎನಾಮಲ್ ವಯಸ್ಸಿನ ತಪ್ಪು ಚೆಕ್‌ಲಿಸ್ಟ್‌ನಿಂದ ಸಿಗುವುದಿಲ್ಲ ಅನ್ನುವುದು ನನ್ನ ಊಹೆ.

ರಿವ್ಯೂವರ್_ನಂ2

ಅದನ್ನು ಒಪ್ಪುತ್ತೇನೆ. ಚೆಕ್‌ಲಿಸ್ಟ್ ಏನು ಬರೆದಿಲ್ಲ ಎಂದು ಹೇಳುತ್ತದೆ, ಬರೆದದ್ದು ನಿಜವಾಗಲು ಸಾಧ್ಯವಾ ಎಂದು ಹೇಳುವುದಿಲ್ಲ. ಡೆಂಟಲ್ ವಿಭಾಗದವರೊಬ್ಬರನ್ನು ಕೂರಿಸಿ, ಮೊದಲ ಹತ್ತು ನಿಮಿಷ ಅವರು ಬಾಯಿ ಬಿಡಬಾರದು.

ಶಿರಾ_ಗೇಟ್

ಶೀಟ್‌ನ ಕಾಲಂಗಳು ಹೀಗಿಟ್ಟರೆ ಸಾಕಾ? ಸಿಟಿಆರ್‌ಐ ನಂಬರ್, ನೋಂದಣಿ ದಿನಾಂಕ, ಮೊದಲ ರೋಗಿ (ನೋಂದಣಿ), ಮೊದಲ ರೋಗಿ (ಪೇಪರ್), ಪಿಜಿ ಥೀಸಿಸ್ ಹೌದು/ಅಲ್ಲ, ಉದ್ದೇಶಿತ ಮತ್ತು ಅಚ್ಚಾದ ಸ್ಯಾಂಪಲ್, ಔಟ್‌ಕಮ್ ಪೂರ್ಣಪಾಠ ಎರಡೂ ಕಡೆಯದ್ದು, ಝರಿನ್ ಅಂಕ, ಬದಲಾವಣೆ ಕೋಡ್, ಕಾರಣ ಹೇಳಿದ್ದಾರಾ, ಜರ್ನಲ್ ಎಲ್ಲಿ ಇಂಡೆಕ್ಸ್ ಆಗಿದೆ.

ಗ್ರಂಥಪಾಲಕಿ

ಎರಡು ಸೇರಿಸಿ. ಕೊನೆಯ ತಿದ್ದುಪಡಿಯ ದಿನಾಂಕ ಒಂದು. ಪೇಪರ್ ಕಳಿಸಿದ ಮೇಲೆ ನೋಂದಣಿಯಲ್ಲೇ ಔಟ್‌ಕಮ್ ಬದಲಾಯಿಸಿದರೆ ಎರಡೂ ತಾಳೆಯಾಗಿ ಕಾಣುತ್ತವೆ, ಆದ್ದರಿಂದ ಈಗಿನ ಪುಟವನ್ನಷ್ಟೇ ಓದದೆ ತಿದ್ದುಪಡಿ ಇತಿಹಾಸ ತೆರೆದು ಮೊದಲ ರೂಪವನ್ನೇ ಇಳಿಸಿಕೊಳ್ಳಿ. ಇನ್ನೊಂದು, ನೀವು ಆ ಪುಟ ನೋಡಿದ ದಿನಾಂಕ. ಪ್ರತಿಯೊಂದರ ಪಿಡಿಎಫ್ ಇಳಿಸಿ ನಂಬರ್ ಹೆಸರಲ್ಲೇ ಇಡಿ, ಓರೆಗೆರೆ ಫೈಲ್ ಹೆಸರಿಗೆ ಬರುವುದಿಲ್ಲ, ಅಡ್ಡಗೆರೆ ಹಾಕಿ.